ಒಂದೇ ಫೋನಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುವುದು ಹೇಗೆ?

ಬೆಂಗಳೂರಿನ ಲಗ್ಗೆರೆಯಲ್ಲಿ ಒಂದು ಮನೆಯ ಮೊದಲ ಮಹಡಿಯ ರೂಮು. ಕೆಳಗೆ ಹಿಟ್ಟಿನ ಗಿರಣಿ. ಸಂಜೆ ಆರಕ್ಕೆ 14 ಮಕ್ಕಳು ಬರುತ್ತಾರೆ. ಆರರಿಂದ ಒಂಬತ್ತನೇ ಕ್ಲಾಸಿನವರು, ಎಲ್ಲರೂ ಕನ್ನಡ ಮೀಡಿಯಂ. ಅಪ್ಪ ಪೀಣ್ಯದ ಕಾರ್ಖಾನೆಗೋ ಆಟೋ ಓಡಿಸಲಿಕ್ಕೋ ಹೋಗುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ. ನನ್ನ ಹತ್ತಿರ ಇರುವುದು ಒಂದು ಫೋನು, ಒಂದು ಚಿಕ್ಕ ಬ್ಲೂಟೂತ್ ಸ್ಪೀಕರ್, ಅಷ್ಟೇ. ಇಷ್ಟರಲ್ಲೇ ಇಂಗ್ಲಿಷ್ ಮಾತಾಡಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮನೆಪಾಠ ಹೇಳುವವರಿಗೆ, ಶಾಲೆಯ ಟೀಚರ್‌ಗಳಿಗೆ, ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಏನಾದರೂ ಹೇಳಿಕೊಡಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಶುರುವಿನಲ್ಲಿ ಗುರುತಿನವರೊಬ್ಬರಿಂದ ಪ್ರೊಜೆಕ್ಟರ್ ಇಸ್ಕೊಂಡು ಬಂದು, ಗೋಡೆಗೆ ಬಿಳಿ ಪಂಚೆ ಕಟ್ಟಿ, ಮೂರು ತಿಂಗಳು ಇಂಗ್ಲಿಷ್ ಕಾರ್ಟೂನ್ ತೋರಿಸಿದೆ. ಮಕ್ಕಳು ಪಿಟಿಕ್ ಅನ್ನದೆ ನೋಡುತ್ತಿದ್ದರು. ನನಗೂ ಖುಷಿ, ಕೇಳ್ತಾ ಕೇಳ್ತಾ ತಾನಾಗೇ ಬಂದುಬಿಡುತ್ತೆ ಅಂತ. ಒಂದು ದಿನ ಪ್ರೊಜೆಕ್ಟರ್ ಆಫ್ ಮಾಡಿ ‘ಮೊಲ ಏನು ಮಾಡಿತು, ಇಂಗ್ಲಿಷಲ್ಲಿ ಹೇಳಿ’ ಅಂದೆ. ಕಥೆ ಪೂರ್ತಿ ಬಂತು, ಒಂದು ಸೀನೂ ಬಿಡದೆ. ಎಲ್ಲಾ ಕನ್ನಡದಲ್ಲಿ! ಇಂಗ್ಲಿಷಲ್ಲಿ ಬಂದಿದ್ದು ‘ಮಿಸ್, ರ‍್ಯಾಬಿಟ್ಟು...’ ಅಷ್ಟೇ. ಚಿತ್ರ ನೋಡಿದರೇ ಕಥೆ ಗೊತ್ತಾಗುತ್ತೆ, ಮಾತು ಯಾಕೆ ಕೇಳಬೇಕು ಅಲ್ವಾ?

ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಫೋನು ಕೈಗೆ ಬಂದ ಎರಡು ನಿಮಿಷದೊಳಗೆ ಮಗುವಿನ ಬಾಯಿ ತೆರೆಯಬೇಕು. ತೆರೆಯದಿದ್ದರೆ ಆ ಆ್ಯಪ್ ನನಗೆ ಬೇಡ, ಎಷ್ಟೇ ಚೆನ್ನಾಗಿರಲಿ. ಮುಂದೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಮೊದಲ ವಾರ: ಯಾರ ಮನೆಯಲ್ಲಿ ಯಾವ ಫೋನು?

ಒಂದು ಹಾಳೆ ತೆಗೆದುಕೊಂಡು ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ, ಅದು ಯಾರ ಜೊತೆ ಹೊರಗೆ ಹೋಗುತ್ತೆ, ಎಷ್ಟು ಗಂಟೆಗೆ ಮನೆಗೆ ಬರುತ್ತೆ. ಮೂರನೆಯದನ್ನು ತುಂಬಾ ಜನ ಕೇಳುವುದೇ ಇಲ್ಲ. ನನ್ನ ಕ್ಲಾಸಲ್ಲಿ ಬಹಳ ಮಕ್ಕಳಿಗೆ ಫೋನು ಸಿಗುವುದು ಅಪ್ಪ ಮನೆಗೆ ಬಂದ ಮೇಲೆ, ರಾತ್ರಿ ಎಂಟೂವರೆಗೆ. ಆಗ ಬ್ಯಾಟರಿ ಸತ್ತಿರುತ್ತೆ, ಅವತ್ತಿನ ಡೇಟಾ ಖಾಲಿಯಾಗಿರುತ್ತೆ. ಸಂಜೆ ಐದಕ್ಕೆ ವಿಡಿಯೋ ಲಿಂಕ್ ಕಳಿಸಿ ‘ನೋಡಿಕೊಂಡು ಬನ್ನಿ’ ಅಂದರೆ ಯಾರು ನೋಡುತ್ತಾರೆ?

ಕ್ಲಾಸಿಗೆ ಬೇಕಾದ ಆಡಿಯೋ, ವಿಡಿಯೋ, ಪಿಡಿಎಫ್ ಎಲ್ಲವನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಕ್ಲಾಸ್ ಶುರುವಾಗುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಇರಲಿ. ಯಾಕೆ ಅಂದರೆ ಒಮ್ಮೆ ಮಗು ಕಷ್ಟಪಟ್ಟು ಇಂಗ್ಲಿಷಲ್ಲಿ ನಾಲ್ಕನೇ ವಾಕ್ಯಕ್ಕೆ ಬಂದಿದೆ, ಅಷ್ಟರಲ್ಲಿ ನಮ್ಮ ಅತ್ತೆಯ ಫೋನು, ಸ್ಪೀಕರ್‌ನಲ್ಲೇ, ‘ಕರಿಬೇವು ತಂದ್ಯಾ?’ ಅಂತ.

ಎರಡನೇ ವಾರ: ಒಂದು ನಿಮಿಷ ರೆಕಾರ್ಡ್

ಹೆಚ್ಚುಕಮ್ಮಿ ಎಲ್ಲಾ ಫೋನಲ್ಲೂ ವಾಯ್ಸ್ ರೆಕಾರ್ಡರ್ ಇರುತ್ತೆ. ಇಲ್ಲದಿದ್ದರೆ ಪುಕ್ಕಟೆ ಸಿಗುತ್ತೆ. ನನ್ನ ಮಟ್ಟಿಗೆ ಇಂಗ್ಲಿಷ್ ಕಲಿಸಲು ಫೋನಿನಲ್ಲಿರುವ ಅತಿ ಒಳ್ಳೆ ಸಾಮಾನು ಇದೇ. ಇದೇನು ಹೊಸ ಯೋಚನೆಯೂ ಅಲ್ಲ. ಬಿಬಿಸಿ ರೇಡಿಯೋದಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿದ್ದು 1943ರಲ್ಲಿ. ಆಮೇಲೆ ಲ್ಯಾಂಗ್ವೇಜ್ ಲ್ಯಾಬ್‌ಗಳು ಬಂದವು. ತಲೆಗೆ ಹೆಡ್‌ಫೋನ್, ಮುಂದೆ ಟೇಪ್ ರೆಕಾರ್ಡರ್. ಕೇಳು, ಹೇಳು, ನಿನ್ನ ದನಿಯನ್ನೇ ಮತ್ತೆ ಕೇಳು. ಆಗ ಅದಕ್ಕೆ ಒಂದು ಕೋಣೆಯೇ ಬೇಕಿತ್ತು, ಈಗ ಜೇಬಲ್ಲಿದೆ.

ಪ್ರತಿ ಮಗುವನ್ನು ಒಬ್ಬೊಬ್ಬರಾಗಿ ಕರೆದು, ಒಂದು ನಿಮಿಷ ಮಾತಾಡಿಸಿ. ಹೆಸರು, ಮನೆ, ಬೆಳಗ್ಗೆ ತಿಂದಿದ್ದು, ಏನಾದರೂ ಸರಿ. ಮಧ್ಯದಲ್ಲಿ ಕನ್ನಡ ಬಂದರೆ ಬರಲಿ. ಸುಮ್ಮನೆ ಕೂತರೆ ಆ ಮೌನವೂ ರೆಕಾರ್ಡ್ ಆಗಲಿ. ತಿದ್ದಬೇಡಿ. ತುಟಿ ಕಚ್ಚಿಕೊಂಡಾದರೂ ಸುಮ್ಮನಿರಿ. ಫೈಲಿಗೆ ಹೆಸರು ಬೇಡ, ಹಾಜರಿ ನಂಬರ್ ಮತ್ತು ತಾರೀಕು ಸಾಕು. ಆರು ವಾರ ಆದಮೇಲೆ ಇದು ಮತ್ತೆ ಬೇಕಾಗುತ್ತೆ.

ಶಬ್ದದ ಗಲಾಟೆ ಇದ್ದರೆ ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕು. ನೇರ ಎದುರು ಹಿಡಿದರೆ ಉಸಿರು ಬಡಿದು ಬರ‍್ ಬರ‍್ ಅನ್ನುತ್ತೆ. ನಮ್ಮ ಗಿರಣಿ ನಿಲ್ಲುವುದು ಏಳಕ್ಕೆ, ಆದ್ದರಿಂದ ರೆಕಾರ್ಡಿಂಗ್ ಎಲ್ಲಾ ಏಳರ ಮೇಲೆ.

ಮೂರನೇ ವಾರದಿಂದ: ಕೇಳಿಸುವುದು

30-40 ಸೆಕೆಂಡಿಗಿಂತ ಉದ್ದದ ಆಡಿಯೋ ಬೇಡ. ಮೊದಲ ಸಲ ಪುಸ್ತಕ ಮುಚ್ಚಿ ಕೇಳಬೇಕು, ‘ಯಾರು ಮಾತಾಡ್ತಿದ್ದಾರೆ, ಎಲ್ಲಿ?’ ಅಷ್ಟೇ ಪ್ರಶ್ನೆ. ಎರಡನೇ ಸಲ ಕಿವಿಗೆ ಬಿದ್ದ ಪದಗಳನ್ನು ಬರೆದುಕೊಳ್ಳುವುದು, ಕನ್ನಡ ಅಕ್ಷರದಲ್ಲಿ ಬರೆದರೂ ಪರವಾಗಿಲ್ಲ. ಮೂರನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಅದೇ ಥರ ಹೇಳಿಸಿ. ಯೂಟ್ಯೂಬಲ್ಲಿ ವೇಗ ಕಡಿಮೆ ಮಾಡುವ ಸೌಲಭ್ಯ ಇದೆ. 0.75ಕ್ಕೆ ಇಳಿಸಿದರೆ ಸಾಕು. 0.5ಕ್ಕೆ ಇಳಿಸಿದರೆ ಕುಡಿದವರು ಮಾತಾಡಿದ ಹಾಗೆ ಕೇಳುತ್ತೆ, ಮಕ್ಕಳು ನಕ್ಕು ನಕ್ಕು ಕ್ಲಾಸ್ ಮುಗಿದೇಹೋಗುತ್ತೆ.

ಪಠ್ಯಪುಸ್ತಕದ ಪಾಠವನ್ನೇ ಕೇಳಿಸಬೇಕು ಅಂದರೆ, ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಅದು 2017ರಲ್ಲಿ ಶುರುವಾದ ದೀಕ್ಷಾ ಅನ್ನುವ ಸರ್ಕಾರದ ಕಲಿಕೆಯ ತಾಣಕ್ಕೆ ಕರೆದುಕೊಂಡು ಹೋಗುತ್ತೆ. ಅಲ್ಲಿ ಸಿಕ್ಕಿದ್ದು ಹಿಡಿಸದಿದ್ದರೆ ಪಾಠದ ನಾಲ್ಕು ಸಾಲು ಟೈಪ್ ಮಾಡಿ, ಫೋನಿಗೇ ಓದಲು ಹೇಳಿ. ಸೆಟ್ಟಿಂಗ್ಸ್‌ನಲ್ಲಿ ಭಾರತದ ಇಂಗ್ಲಿಷ್ ದನಿ ಆರಿಸಿ. ಅಮೆರಿಕದವರ ಥರ ಮಾತಾಡಿಸುವ ಹಟ ನನಗಿಲ್ಲ. ಕೇಳಿದವರಿಗೆ ಅರ್ಥವಾದರೆ ಸಾಕು.

ಆದರೆ ನನ್ನ ಮಕ್ಕಳಿಗೆ ತುಂಬಾ ಇಷ್ಟವಾದ ಪಾಠ ಯಾವ ಆ್ಯಪ್‌ನಲ್ಲೂ ಇಲ್ಲ. ಅದು ನಮ್ಮ ಮೆಟ್ರೋ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ ಹೇಳುತ್ತಾರೆ. ಕನ್ನಡದ ದನಿ ನಿರೂಪಕಿ ಅಪರ್ಣಾ ಅವರದು. ಅವರು 2024ರ ಜುಲೈನಲ್ಲಿ ತೀರಿಕೊಂಡರು, ನಮಗೆ ಆ ದನಿ ಮಾತ್ರ ಉಳಿಯಿತು. ಅರ್ಥ ಕನ್ನಡದಲ್ಲಿ ಮೊದಲೇ ಸಿಕ್ಕಿರುತ್ತೆ, ಹಿಂದೆಯೇ ಇಂಗ್ಲಿಷ್ ಬರುತ್ತೆ, ಅದೇ ವಾಕ್ಯ ಪ್ರತಿ ಸ್ಟೇಷನ್ನಿಗೂ ಬರುತ್ತೆ, ಹೆಸರು ಮಾತ್ರ ಬೇರೆ. ಭಾಷೆ ಕಲಿಯಲು ಇನ್ನೇನು ಬೇಕು? ಪೀಣ್ಯದಿಂದ ಮೆಜೆಸ್ಟಿಕ್‌ಗೆ ಒಮ್ಮೆ ಹೋಗಿ ಬಂದರೆ ಬಾಯಿಪಾಠ.

ಅದನ್ನು ಹೀಗೆ ಬಳಸಿ. ಪ್ರತಿ ಮಗುವೂ ತನ್ನ ಮನೆಯಿಂದ ಕ್ಲಾಸಿಗೆ ಬರುವ ದಾರಿಯನ್ನು ಒಂದು ಮೆಟ್ರೋ ಲೈನ್ ಮಾಡಬೇಕು. ಐದು ಸ್ಟೇಷನ್, ಐದು ಪ್ರಕಟಣೆ, ಫೋನಲ್ಲಿ ರೆಕಾರ್ಡ್. ಏಳನೇ ಕ್ಲಾಸಿನ ಹುಡುಗನೊಬ್ಬ ಗಂಭೀರವಾಗಿ ಹೇಳಿದ: ‘ದಿ ನೆಕ್ಸ್ಟ್ ಸ್ಟೇಷನ್ ಈಸ್ ಹಿಟ್ಟಿನ ಗಿರಣಿ. ಡೋರ್ಸ್ ವಿಲ್ ಓಪನ್ ಆನ್ ದಿ ಲೆಫ್ಟ್. ಪ್ಲೀಸ್ ಮೈಂಡ್ ದಿ ಡಾಗ್.’ ನಾಯಿ ನಿಜವಾಗಲೂ ಇದೆ. ಅವನು ಅದನ್ನು ಒಂಬತ್ತು ಸಲ ರೆಕಾರ್ಡ್ ಮಾಡಿದ, ಸರಿ ಬರಲಿಲ್ಲ ಅಂತ ತಾನೇ ಅಳಿಸಿ ಅಳಿಸಿ. ಹತ್ತು ಸಲ ಓದು ಅಂದಿದ್ದರೆ ಎರಡನೇ ಸಲಕ್ಕೇ ಆಕಳಿಸುತ್ತಿದ್ದ.

ಉಚ್ಚಾರ: ವಾರಕ್ಕೆ ಒಂದೇ ತಪ್ಪು

ನಮ್ಮ ಮಕ್ಕಳ ಇಂಗ್ಲಿಷ್ ಉಚ್ಚಾರದ ಬಹಳಷ್ಟು ತಪ್ಪುಗಳು ಕನ್ನಡದಿಂದ ಬಂದವು, ಅದಕ್ಕೊಂದು ಕ್ರಮ ಇದೆ. ಅದು ಗೊತ್ತಿದ್ದರೆ ಬೈಯುವ ಅಗತ್ಯ ಬೀಳುವುದಿಲ್ಲ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತೆ. ಅದಕ್ಕೇ ಬಸ್ಸು, ಪೆನ್ನು, ಕಾರು. ಪದದ ಮೊದಲಲ್ಲಿ ‘ಎ’ ಬಂದರೆ ಹಿಂದೆ ‘ಯ’ ಸೇರುತ್ತೆ, ‘ಒ’ ಬಂದರೆ ‘ವ’. ಎಗ್ ಹೋಗಿ ಯೆಗ್ಗು ಆಗುತ್ತೆ, ಓನ್ಲಿ ಹೋಗಿ ವೋನ್ಲಿ. ಮನೆಯಲ್ಲಿ ಹಾಲಿಗೆ ಆಲು ಅನ್ನುವ ಮಗು ಹೌಸ್‌ಗೆ ಔಸ್ ಅನ್ನದೆ ಇನ್ನೇನು ಅನ್ನಬೇಕು? ಇದನ್ನು ಮಕ್ಕಳಿಗೇ ಹೇಳಿ. ‘ನೀನು ದಡ್ಡ ಅಂತಲ್ಲ ಕಣೋ, ಕನ್ನಡದ ರೂಲನ್ನ ಇಂಗ್ಲಿಷ್‌ಗೆ ಹಾಕ್ತಿದೀಯ’ ಅಂದರೆ ಮುಖ ಅರಳುತ್ತೆ.

ಒಂದು ವಾರಕ್ಕೆ ಒಂದೇ ಆರಿಸಿಕೊಳ್ಳಿ. ಈ ವಾರ ‘ಹ’ ಅಂದರೆ ‘ಹ’ ಮಾತ್ರ, ಬೇರೆ ಏನು ತಪ್ಪಿದರೂ ಕಿವುಡರಂತಿರಿ.

ಇಲ್ಲಿ ಫೋನು ಮೂರು ಥರ ಕೆಲಸಕ್ಕೆ ಬರುತ್ತೆ.

ಒಂದು, ಸೆಲ್ಫಿ ಕ್ಯಾಮೆರಾ. ಅದನ್ನು ಕನ್ನಡಿಯಾಗಿ ಬಳಸಿ. ಪ್ರಾಣಿಗಳ ಡಾಕ್ಟರಿಗೂ ಇಂಗ್ಲಿಷಲ್ಲಿ ವೆಟ್, ನೆನೆದ ಬಟ್ಟೆಗೂ ವೆಟ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನಮಗೆ ಇರುವುದು ಒಂದೇ ‘ವ’. ಇಂಗ್ಲಿಷಲ್ಲಿ ಡಾಕ್ಟರಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ನೆನೆದ ಬಟ್ಟೆಗೆ ಹಲ್ಲು ತಾಗಬಾರದು, ಸೀಟಿ ಹೊಡೆಯುವಂತೆ ತುಟಿ ದುಂಡಗಾಗಬೇಕು. ನೂರು ಸಲ ಬಾಯಲ್ಲಿ ಹೇಳುವ ಬದಲು, ಫೋನಲ್ಲಿ ತಮ್ಮ ತುಟಿ ತಾವೇ ನೋಡಿಕೊಳ್ಳಲಿ.

ಎರಡು, ವಾಯ್ಸ್ ಟೈಪಿಂಗ್. ಕೀಬೋರ್ಡಿನ ಮೈಕ್ ಒತ್ತಿ ಒಂದೇ ಪದ ಹೇಳಿಸಿ. ‘ಪೆನ್’ ಅಂದಿದ್ದು ‘ಪ್ಯಾನ್’ ಆಗಿ ಬಂದರೆ ಮಗು ತಾನಾಗೇ ಮತ್ತೆ ಹೇಳುತ್ತೆ, ನೀವು ಏನೂ ಅನ್ನಬೇಕಾಗಿಲ್ಲ. ಆದರೆ ಇದನ್ನು ಜಡ್ಜ್ ಮಾಡಿ ಕೂರಿಸಬೇಡಿ. ಅದು ಸುತ್ತಲಿನ ಪದಗಳನ್ನು ನೋಡಿ ಊಹೆ ಮಾಡುತ್ತೆ. ಉದ್ದ ವಾಕ್ಯ ಹೇಳಿದರೆ ತಪ್ಪು ಉಚ್ಚಾರವನ್ನೂ ಸರಿ ಅಂತ ಬರೆದುಬಿಡುತ್ತೆ. ಇನ್ನು ಮಕ್ಕಳ ಸಣ್ಣ ದನಿಗೆ, ಗಲಾಟೆಗೆ, ಸರಿ ಹೇಳಿದ್ದನ್ನೂ ತಪ್ಪು ಬರೆಯುತ್ತೆ. ನಾನು ‘ಮೂರು ಸಲ ಹೇಳಿದರೂ ಬರಲಿಲ್ಲ ಅಂದರೆ ಫೋನಿನ ತಪ್ಪು’ ಅಂತ ಕಾನೂನು ಮಾಡಿದ್ದೇನೆ. ಇಲ್ಲದಿದ್ದರೆ ಅಳು ಬರುತ್ತೆ.

ಮೂರು, ರೆಕಾರ್ಡರಿನ ಅಲೆ. ಮಾತಾಡುವಾಗ ಪರದೆಯ ಮೇಲೆ ಗುಡ್ಡಗಳ ಥರ ಏಳುತ್ತೆ ನೋಡಿ, ಅದು. ಕನ್ನಡದಲ್ಲಿ ಪದದ ಯಾವ ಭಾಗಕ್ಕೆ ಒತ್ತು ಕೊಟ್ಟರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಲ್ಲಿ ಒತ್ತು ತಪ್ಪಿದರೆ ಎದುರಿನವರು ‘ಏನಂದ್ರಿ?’ ಅನ್ನುತ್ತಾರೆ. ಫೋಟೋಗ್ರಾಫ್ ಅನ್ನುವಾಗ ಒತ್ತು ‘ಫೋ’ ಮೇಲೆ, ಫೋಟಾಗ್ರಫಿ ಅನ್ನುವಾಗ ‘ಟಾ’ ಮೇಲೆ. ಎರಡನ್ನೂ ರೆಕಾರ್ಡ್ ಮಾಡಿ, ಗುಡ್ಡ ಎಲ್ಲಿದೆ ತೋರಿಸಿ ಅನ್ನಿ. ಒತ್ತು ಅಂದರೆ ಬರೀ ಜೋರು ಅಲ್ಲ, ಎಳೆತವೂ ಸ್ವರದ ಏರಿಳಿತವೂ ಇರುತ್ತೆ. ಆದರೆ ಆರನೇ ಕ್ಲಾಸಿಗೆ ಗುಡ್ಡ ಸಾಕು.

ಹೋಂವರ್ಕ್: 20 ಸೆಕೆಂಡಿನ ವಾಯ್ಸ್ ಮೆಸೇಜ್

ರಾತ್ರಿ ಎಂಟೂವರೆಗೆ ಫೋನು ಬರುತ್ತೆ ಅಂತ ಗೊತ್ತಾಯಿತಲ್ಲ, ಹಾಗಾದರೆ ಎಂಟೂವರೆಯಿಂದ ಒಂಬತ್ತೂವರೆ ನಿಮ್ಮ ಹೋಂವರ್ಕ್ ಸಮಯ. ಪ್ರಶ್ನೆಯನ್ನು ಕ್ಲಾಸಿನಲ್ಲೇ ಬರೆಸಿ ಕಳಿಸಿ. ಮಗು ವಾಟ್ಸಾಪಿನಲ್ಲಿ 20 ಸೆಕೆಂಡ್ ಉತ್ತರ ಹೇಳಿ ಕಳಿಸಲಿ. 14 ಮಕ್ಕಳು, ತಲಾ 20 ಸೆಕೆಂಡ್, ಐದು ನಿಮಿಷವೂ ಆಗುವುದಿಲ್ಲ. ಪುಸ್ತಕ ತಿದ್ದುವುದಕ್ಕಿಂತ ಬೇಗ ಮುಗಿಯುತ್ತೆ. ಅನ್ನಕ್ಕೆ ಇಟ್ಟು ಕೇಳಿಸಿಕೊಳ್ಳುತ್ತೇನೆ, ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ಆಗಿರುತ್ತೆ.

ಉತ್ತರವನ್ನೂ ದನಿಯಲ್ಲೇ ಕೊಡಿ. ಮಗು ‘ಯೆಸ್ಟರ್‌ಡೇ ಐ ಗೋ ಟು ಮಾರ್ಕೆಟ್’ ಅಂದರೆ ‘ತಪ್ಪು’ ಅನ್ನಬೇಡಿ. ‘ಓ, ಯು ವೆಂಟ್ ಟು ದಿ ಮಾರ್ಕೆಟ್? ವಾಟ್ ಡಿಡ್ ಯು ಬೈ?’ ಅಂತ ಕೇಳಿ. ಸರಿಯಾದ ರೂಪ ಕಿವಿಗೆ ಬೀಳುತ್ತೆ, ಮಾತೂ ಮುಂದುವರಿಯುತ್ತೆ. ‘ಹೀ ಓನ್ಲಿ ಟೋಲ್ಡ್’ ಥರದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ‘ಅವನೇ ಹೇಳಿದ್ದು’ ಅನ್ನುವುದರ ‘ಏ’ ಅಲ್ಲಿ ಓನ್ಲಿ ಆಗಿ ಕೂತಿದೆ. ನಮ್ಮ ಆಫೀಸುಗಳ ದೊಡ್ಡವರೇ ದಿನಾ ಅದನ್ನು ಹೇಳುತ್ತಾರೆ.

ಗ್ರೂಪಿಗೆ ಹಾಕಿಸಬೇಡಿ, ನಿಮ್ಮೊಬ್ಬರಿಗೇ ಕಳಿಸಲಿ. ನಾನು ಮೊದಲು ಗ್ರೂಪ್ ಮಾಡಿದ್ದೆ. ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳು ಕಳಿಸಿದರು, ಉಳಿದ ಹತ್ತು ಮಂದಿ ಅವರದ್ದು ಕೇಳಿ ಸುಮ್ಮನಾದರು. ಗ್ರೂಪ್ ತೆಗೆದ ಮೇಲೆ ಹೊರಗೆ ಬಾಯೇ ಬಿಡದ ಹುಡುಗಿಯೊಬ್ಬಳು, ಬಹುಶಃ ಹೊದಿಕೆಯೊಳಗೆ ಕೂತು, ಪಿಸುಗುಟ್ಟಿಕೊಂಡು ಮೂರು ವಾಕ್ಯ ಕಳಿಸಿದಳು.

ಇನ್ನೊಂದು ಮಾತು. ವಾಟ್ಸಾಪಿಗೆ ಕನಿಷ್ಠ ವಯಸ್ಸು 13. ಅದಕ್ಕೇ ಅಕೌಂಟ್ ಅಪ್ಪ ಅಮ್ಮನದ್ದೇ ಆಗಿರಲಿ, ಮಕ್ಕಳಿಗೆ ಬೇರೆ ಮಾಡಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲೂ 18ರೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅಂತಿದೆ. ನಾವು ಕಂಪನಿ ಅಲ್ಲ ನಿಜ. ಆದರೂ ರೆಕಾರ್ಡ್ ಮಾಡುವ ಮೊದಲು ಮನೆಯವರನ್ನು ಕೇಳುವುದು ಮರ್ಯಾದೆ. ಮಕ್ಕಳ ವಿಡಿಯೋವನ್ನು ಸ್ಟೇಟಸ್‌ಗೆ ಹಾಕಿಕೊಳ್ಳುವ ಚಾಳಿ ಇದ್ದರೆ ಇಂದೇ ಬಿಡಿ.

ಓದಿಸಲು

ಮಕ್ಕಳ ಪುಸ್ತಕ ಮಾಡುವ ಪ್ರಥಮ್ ಬುಕ್ಸ್ ನಮ್ಮ ಬೆಂಗಳೂರಿನದ್ದೇ. ಅವರ ಸ್ಟೋರಿವೀವರ್ ಅನ್ನುವ ಕಥೆಗಳ ವೆಬ್‌ಸೈಟ್ 2015ರಿಂದ ಇದೆ, ಪುಕ್ಕಟೆ. ನಾಲ್ಕು ಹಂತದ ಕಥೆಗಳಿವೆ, ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಸಿಗುತ್ತೆ. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿಕೊಳ್ಳಬಹುದು. ಕ್ಲಾಸನ್ನು ನೋಡದೆ ಹಂತವನ್ನು ನೋಡಿ. ಎಂಟನೇ ಕ್ಲಾಸಿನ ಮಗುವಿಗೆ ಎರಡನೇ ಹಂತ ಹಿಡಿಸಿದರೆ ಅದೇ ಸರಿ. ಮೊದಲು ಕನ್ನಡದಲ್ಲಿ ಓದಿ, ಪುಸ್ತಕ ಮುಚ್ಚಿ, ಆಮೇಲೆ ಇಂಗ್ಲಿಷಲ್ಲಿ ಓದಿಸಿ ರೆಕಾರ್ಡ್ ಮಾಡಿ. ಕೆಲವು ಕಥೆಗಳಿಗೆ ದನಿಯೂ ಇದೆ, ಅದನ್ನು ಕೊನೆಗೆ ಕೇಳಿಸಿ. ಮೊದಲೇ ಕೇಳಿಸಿದರೆ ಗಿಳಿಪಾಠ.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದಿದ್ದು 2011ರಲ್ಲಿ. ಮಕ್ಕಳು ಅದರಲ್ಲಿ ಹೋಂವರ್ಕ್ ಇಳಿಸಿಕೊಂಡು ಬರುತ್ತಾರೆ, ತಡೆಯಲು ಆಗುವುದಿಲ್ಲ. ತಡೆಯುವ ಬದಲು ಅದನ್ನೇ ಆಟ ಮಾಡಿ. ‘ಅವಳಿಗೆ ಹೊಟ್ಟೆಕಿಚ್ಚು’, ‘ನನಗೆ ತಲೆ ಕೆಟ್ಟುಹೋಯ್ತು’, ‘ಅವನು ಕೈ ಕೊಟ್ಟ’. ಇಂಥವನ್ನು ಹಾಕಿ ಏನು ಬರುತ್ತೆ ನೋಡಿ. ಸರಿ ಬಂದರೂ ಪಾಠ, ತಪ್ಪು ಬಂದರೆ ಇನ್ನೂ ಒಳ್ಳೆ ಪಾಠ. ಕೈ ಕೊಟ್ಟವನು ಶೇಕ್‌ಹ್ಯಾಂಡ್ ಮಾಡಿದನೋ ಮೋಸ ಮಾಡಿದನೋ ಅಂತ ಇಂಗ್ಲಿಷಲ್ಲಿ ಹೇಗೆ ಬಿಡಿಸಿ ಹೇಳೋದು, ಅದರ ಮೇಲೆ ಅರ್ಧ ಗಂಟೆ ಜಗಳ ಆಡಿದ್ದಾರೆ.

ಚಾಟ್‌ಜಿಪಿಟಿ ಥರದ್ದು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ, ‘ಇನ್ನು ಟೀಚರ್ ಬೇಕಾ?’ ನಾನು ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ, ನನ್ನ ತಯಾರಿಗೆ ಮಾತ್ರ. ಸುಮ್ನೆ ‘ಮಕ್ಕಳಿಗೆ ಇಂಗ್ಲಿಷ್ ಸಂಭಾಷಣೆ ಬರೆದುಕೊಡು’ ಅಂದರೆ ಪಿಕ್‌ನಿಕ್, ಸ್ಯಾಂಡ್‌ವಿಚ್, ಪಾರ್ಕಿನ ಬೆಂಚು ಬರುತ್ತೆ. ಹೀಗೆ ಕೇಳಿ: ಬೆಂಗಳೂರಿನ ಇಡ್ಲಿ ಗಾಡಿ, ಗಿರಾಕಿಗೆ ಚಿಲ್ಲರೆ ಬೇಕು, ಅಂಗಡಿಯವರ ಹತ್ತಿರ ಇಲ್ಲ, ಎಂಟು ಸಾಲು, ಒಂದು ಸಾಲಿಗೆ ಏಳು ಪದ ಮೀರಬಾರದು, ಭೂತಕಾಲ ಬೇಡ. ಎಷ್ಟು ಬಿಗಿಯಾಗಿ ಕೇಳುತ್ತೀರೋ ಅಷ್ಟು ಕೆಲಸಕ್ಕೆ ಬರುತ್ತೆ. ಬಂದಿದ್ದನ್ನು ಓದಿ ನೋಡಿ, ಧೈರ್ಯವಾಗಿ ತಪ್ಪು ಹೇಳುವುದರಲ್ಲಿ ಅದು ನಿಸ್ಸೀಮ. ಮಕ್ಕಳ ಹೆಸರು, ಶಾಲೆ ಯಾವುದನ್ನೂ ಅದರಲ್ಲಿ ಹಾಕಬೇಡಿ. ಸಂಭಾಷಣೆಯನ್ನು ಬೋರ್ಡಿನ ಮೇಲೆ ಬರೆದು, ಇಬ್ಬಿಬ್ಬರಾಗಿ ಆಡಿಸಿ, ಒಂದೊಂದೇ ಸಾಲು ಒರೆಸುತ್ತಾ ಹೋಗಿ. ಬೋರ್ಡ್ ಖಾಲಿಯಾಗುವಷ್ಟರಲ್ಲಿ ಬಾಯಿಗೆ ಬಂದಿರುತ್ತೆ. ಈ ಕೊನೆಯ ಭಾಗಕ್ಕೆ ಡಸ್ಟರ್ ಸಾಕು, ಕರೆಂಟೂ ಬೇಡ.

ಅಪ್ಪ ಅಮ್ಮ ಕೇಳುವುದು

‘ಇದರಿಂದ ಮಾರ್ಕ್ಸ್ ಬರುತ್ತಾ ಮಿಸ್?’ ಕೇಳೇ ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಭಾಷೆ ಇಂಗ್ಲಿಷ್‌ಗೆ 80 ಅಂಕದ ಬರವಣಿಗೆ, 20 ಆಂತರಿಕ. 80ರಲ್ಲಿ ಬಾಯಿ ಮಾತಿಗೆ ಜಾಗ ಇಲ್ಲ. ಸುಳ್ಳು ಹೇಳಬೇಡಿ. ನಾನು ವಾರಕ್ಕೆ ಒಂದು ದಿನ ಪೆನ್ನು ಪೇಪರಿಗೆ ಬಿಟ್ಟಿದ್ದೇನೆ. ಅವತ್ತು ಮಕ್ಕಳು ತಮ್ಮದೇ ರೆಕಾರ್ಡಿಂಗ್ ಕೇಳಿ, ತಾವು ಹೇಳಿದ್ದನ್ನು ಬರೆಯುತ್ತಾರೆ, ಬರೆಯುತ್ತಾ ತಿದ್ದುತ್ತಾರೆ. ‘ಮಿಸ್, ಇಲ್ಲಿ ದಿ ಬಿಟ್ಟಿದ್ದೀನಿ’ ಅಂತ ಅವರೇ ಹೇಳುತ್ತಾರೆ. ಕನ್ನಡದಲ್ಲಿ ಎ, ಆ್ಯನ್, ದಿ ಥರದ್ದು ಇಲ್ಲವೇ ಇಲ್ಲ. ಬಾಯಲ್ಲಿ ಬಿಟ್ಟಿದ್ದು ಕಿವಿಗೆ ಗೊತ್ತಾಗುವುದಿಲ್ಲ, ಕಾಗದದ ಮೇಲೆ ಗೊತ್ತಾಗುತ್ತೆ.

ಆರು ವಾರ ಆದಮೇಲೆ

ಎರಡನೇ ವಾರದ ರೆಕಾರ್ಡಿಂಗ್ ತೆಗೆಯಿರಿ. ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿ, ಆ ಮಗುವಿಗೆ ಮಾತ್ರ ಕೇಳಿಸಿ. ಅದೇ ಪ್ರಶ್ನೆಗಳಿಗೆ ಮತ್ತೆ ಒಂದು ನಿಮಿಷ ಮಾತಾಡಿಸಿ, ಅದನ್ನೂ ಕೇಳಿಸಿ. ಯಾವ ಮೌನ ಚಿಕ್ಕದಾಗಿದೆ, ಯಾವ ತಪ್ಪು ಇನ್ನೂ ಇದೆ ಅಂತ ಮಗುವೇ ಹೇಳಲಿ, ನೀವು ಬರೆದುಕೊಳ್ಳಿ. ಮುಂದಿನ ಆರು ವಾರದ ಪಾಠ ಅದರಲ್ಲೇ ಇರುತ್ತೆ.

ಆಮೇಲೆ ಹಳೆಯದನ್ನು ಮಗುವಿನ ಎದುರಿಗೇ ಅಳಿಸಿಬಿಡಿ, ಬೇಕು ಅಂದವರಿಗೆ ಅಮ್ಮನ ಫೋನಿಗೆ ಕಳಿಸಿ. ನಮ್ಮ ಮೆಟ್ರೋ ಹುಡುಗ ತನ್ನ ಹಳೆ ದನಿ ಕೇಳಿ ‘ಥೂ, ಬೇಗ ಅಳಿಸಿ ಮಿಸ್’ ಅಂದ. ನಾಯಿಯ ಪ್ರಕಟಣೆ ಮಾತ್ರ ಇರಲಿ ಅಂದ.